ಮಾರಿದುದೆಷ್ಟು, ಮಾತನಾಡಿದುದೆಷ್ಟು?

ಸುಗ್ಗಿಯ ದಿನ ಕಣದಲ್ಲಿ ಅಳೆದ ಭತ್ತಕ್ಕೂ ಕೊನೆಗೆ ಮನೆಯ ಕಣಜಕ್ಕೆ ಸುರಿದ ಭತ್ತಕ್ಕೂ ಎಂದಾದರೂ ಸರಿಯಾಗಿ ತಾಳೆ ಬಿದ್ದುದುಂಟೆ? ಕೂಲಿಯವರ ಪಾಲು, ಆಯಗಾರರ ಪಾಲು, ಬೀಜಕ್ಕೆಂದು ತೆಗೆದಿರಿಸಿದುದು, ಹಕ್ಕಿ ಇಲಿಗಳು ತಿಂದುದು, ಇವೆಲ್ಲವನ್ನೂ ಕಳೆದ ಮೇಲೆ ಉಳಿದುದೇ ಕಣಜದ ಲೆಕ್ಕ. ಕಣದ ಲೆಕ್ಕ ಬರೆದ ಯಜಮಾನನೂ ಸುಳ್ಳನಲ್ಲ. ಕಣಜದ ಲೆಕ್ಕ ಹೇಳುವ ಗೃಹಿಣಿಯೂ ಸುಳ್ಳಾಡಿದವಳಲ್ಲ. ಅವರು ಅಳೆದ ಸ್ಥಳ ಬೇರೆ, ಹೊತ್ತು ಬೇರೆ. ಈ ಸಣ್ಣ ಸಂಗತಿಯನ್ನು ಮರೆತು ಅಮೆರಿಕಾ ದೇಶದ ಷೇರುಪೇಟೆಯ ಪಂಡಿತರೇ ಒಮ್ಮೆ ಬೆಸ್ತುಬಿದ್ದ ಕಥೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ನಮ್ಮ ಗೃಹಸ್ಥರು ಕಲಿಯತಕ್ಕ ಪಾಠವೊಂದು ಅದರಲ್ಲಿ ಉಂಟು.

2007ನೆಯ ಇಸವಿ ಜೂನ್ 29, ಶುಕ್ರವಾರ ಸಂಜೆ 6 ಗಂಟೆಗೆ ಆಪಲ್ ಕಂಪನಿಯವರು ತಮ್ಮ ಮೊದಲನೆಯ ಐಫೋನನ್ನು ಅಮೆರಿಕಾದಲ್ಲಿ ಮಾರಾಟಕ್ಕೆ ಬಿಟ್ಟರು. ಯಂತ್ರವನ್ನು ಮಾಡುವವರು ಒಬ್ಬರು; ಅದಕ್ಕೆ ದೂರವಾಣಿಯ ಸಂಪರ್ಕವನ್ನು ಒದಗಿಸುವವರು ಇನ್ನೊಬ್ಬರು, ಎ.ಟಿ. ಅಂಡ್ ಟಿ. ಕಂಪನಿಯವರು. ಆ ದೇಶದಲ್ಲಿ ಆಗ ಬೇರೆ ಯಾರ ಸಂಪರ್ಕದಲ್ಲಿಯೂ ಆ ಯಂತ್ರವು ಮಾತನಾಡದಂತೆ ಅದಕ್ಕೆ ಒಳಗಿನಿಂದಲೇ ಒಂದು ಬೀಗವನ್ನು ಹಾಕಿದ್ದರು. ಕೊಂಡವನು ಪೆಟ್ಟಿಗೆಯನ್ನು ಮನೆಗೆ ಒಯ್ದು, ತನ್ನ ಕಂಪ್ಯೂಟರಿಗೆ ಜೋಡಿಸಿ, ಎರಡು ವರ್ಷದ ಕರಾರಿಗೆ ಒಪ್ಪಿದ ಬಳಿಕವೇ ಯಂತ್ರಕ್ಕೆ ಜೀವ ಬರುತ್ತಿದ್ದಿತು. ಈ ಕ್ರಿಯೆಗೆ ಆಕ್ಟಿವೇಷನ್ ಎಂದು ಹೆಸರು. ನಾವು ಚಾಲೂ ಮಾಡುವುದೆಂದು ಕರೆಯೋಣ.

ಜುಲೈ 24ರಂದು ಎ.ಟಿ. ಅಂಡ್ ಟಿ. ಕಂಪನಿಯವರು, ಜೂನ್ 30ಕ್ಕೆ ಮುಗಿದ ತಮ್ಮ ಲೆಕ್ಕವನ್ನು ಪ್ರಕಟಿಸಿ, ಚಾಲೂ ಆದ ಐಫೋನುಗಳು 1,46,000 ಎಂದು ಸಾರಿದರು. ಐದು ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿರಬೇಕೆಂದು ಊಹಿಸಿದ್ದವರ ಎದೆ ಧಸಕ್ಕೆಂದಿತು. ಅದೇ ದಿನ ಆಪಲಿನ ಷೇರಿನ ಬೆಲೆ ನೂರಕ್ಕೆ ಆರರಷ್ಟು ಕುಸಿಯಿತು. ಗಾಬರಿಯಿಂದ ಅಂದೇ ಮಾರಿದವರು ನಷ್ಟವನ್ನು ಕೈಯಾರೆ ಕಟ್ಟಿಕೊಂಡರು. ಮಾರನೆಯ ದಿನ ಆಪಲ್ ಕಂಪನಿಯವರು ಮೊದಲ 30 ಗಂಟೆಗಳಲ್ಲಿ ತಾವು ಮಾರಿದುದು 2,70,000 ಎಂದರು! ಎರಡು ಲೆಕ್ಕಗಳ ನಡುವೆ 1,24,000 ಯಂತ್ರಗಳ ಅಂತರ.

ಯಾರು ಸುಳ್ಳು ಹೇಳಿದರು? ಯಾರೂ ಇಲ್ಲ. ಮಾರಾಟ ಆರಂಭವಾದುದು ಶುಕ್ರವಾರ ಸಂಜೆ. ಲೆಕ್ಕ ಮುಗಿದುದು ಶನಿವಾರ ರಾತ್ರಿ. ಕೊಂಡವರೆಲ್ಲರೂ ಏಕಕಾಲಕ್ಕೆ ಚಾಲೂ ಮಾಡಹೋದುದರಿಂದ ಕಂಪನಿಯ ಯಂತ್ರಗಳಿಗೆ ಭಾರ ಹೆಚ್ಚಾಗಿ, ಕೆಲವರು ಬಹಳ ಹೊತ್ತು ಕಾದು ಕುಳಿತಿರಬೇಕಾಯಿತು. ಶನಿವಾರ ಕೊಂಡು ಭಾನುವಾರ ಚಾಲೂ ಮಾಡಿದವನು ಒಂದು ಪುಸ್ತಕದಲ್ಲಿ ಸೇರಿದನು, ಇನ್ನೊಂದರಲ್ಲಿ ಸೇರಲಿಲ್ಲ. ಅಷ್ಟೇ.

ಆದರೆ ಕಾಲದ ಅಂತರದಿಂದ ಹುಟ್ಟಿದ ವ್ಯತ್ಯಾಸವು ಕಾಲ ಕಳೆದಂತೆ ಕರಗಬೇಕಷ್ಟೆ? ಇದು ಕರಗಲಿಲ್ಲ, ಬೆಳೆಯಿತು. ಜೂನಿನ 2,70,000ದ ಮೇಲೆ, ಮುಂದಿನ ಮೂರು ತಿಂಗಳಲ್ಲಿ 11,19,000, ಅದರ ಮುಂದಿನ ಮೂರು ತಿಂಗಳಲ್ಲಿ 23,15,000 ಯಂತ್ರಗಳು ಮಾರಾಟವಾದುವೆಂದು ಆಪಲಿನವರು ಹೇಳಿದರು. ಒಟ್ಟು 37,04,000. ವರ್ಷದ ಕೊನೆಗೆ ಎ.ಟಿ. ಅಂಡ್ ಟಿ. ಕಂಪನಿಯವರ ಬಳಿ ಇದ್ದ ಐಫೋನಿನ ಗಿರಾಕಿಗಳಾದರೋ 20 ಲಕ್ಷಕ್ಕೆ ತುಸು ಕಡಿಮೆ. ಮಿಕ್ಕ 17 ಲಕ್ಷ ಎಲ್ಲಿ ಹೋದುವು? 2008ರ ಜನವರಿಯಲ್ಲಿ ಬರ್ನ್‌ಸ್ಟೈನ್ ಸಂಸ್ಥೆಯ ಟೋನಿ ಸಕೊನಾಗಿ ಎಂಬ ಷೇರುಪೇಟೆಯ ವಿಶ್ಲೇಷಕರು ಈ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದರು. ಪತ್ರಿಕೆಗಳಲ್ಲಿ 'ಕಾಣೆಯಾದ ಐಫೋನುಗಳು' ಎಂಬ ಚರ್ಚೆಯೇ ಎದ್ದಿತು.

ಉತ್ತರವು ಮೂರು ತುಂಡಾಗಿದ್ದಿತು. ಮೊದಲನೆಯದು, 2007ರ ನವೆಂಬರಿನಲ್ಲಿ ಬ್ರಿಟನ್, ಜರ್ಮನಿ, ಫ್ರಾನ್ಸ್ ದೇಶಗಳಲ್ಲಿಯೂ ಮಾರಾಟ ಆರಂಭವಾಗಿದ್ದಿತು. ಅಲ್ಲಿ ಸಂಪರ್ಕ ಕೊಡುವವರು ಬೇರೆ. ಎರಡನೆಯದು, ತಯಾರಕನು ಪರರ ಅಂಗಡಿಗೆ ಸರಕನ್ನು ಒಪ್ಪಿಸಿದಾಗಲೇ ತನ್ನ ಪುಸ್ತಕದಲ್ಲಿ ಮಾರಾಟವೆಂದು ಬರೆದುಕೊಳ್ಳುವುದುಂಟು; ಅಂಗಡಿಯ ಅಟ್ಟದ ಮೇಲಿರುವ ಪೆಟ್ಟಿಗೆಗೆ ಇನ್ನೂ ಕೊಳ್ಳುವವನೇ ಬಂದಿರುವುದಿಲ್ಲ. ಮೂರನೆಯದೇ ಸ್ವಾರಸ್ಯವಾದುದು: ಬೀಗ ಒಡೆದ ಯಂತ್ರಗಳು.

2007ರ ಆಗಸ್ಟಿನಲ್ಲಿ ಜಾರ್ಜ್ ಹಾಟ್ಸ್ ಎಂಬ ಹದಿನೇಳು ವಯಸ್ಸಿನ ಹುಡುಗನು ಐಫೋನಿನ ಒಳಬೀಗವನ್ನು ತೆಗೆಯುವ ಉಪಾಯವನ್ನು ಲೋಕಕ್ಕೆ ತಿಳಿಸಿದನು. ಸೆಪ್ಟೆಂಬರ್ 5ರಂದು ಆಪಲಿನವರು 599 ಡಾಲರಿನ ಯಂತ್ರದ ಬೆಲೆಯನ್ನು 399ಕ್ಕೆ ಇಳಿಸಿದರು. ಇವೆರಡೂ ಸೇರಿದುವು, ವ್ಯಾಪಾರಿಗಳು ಹಿಡಿ ಹಿಡಿಯಾಗಿ ಕೊಂಡು, ಬೀಗ ತೆಗೆದು, ಐಫೋನು ಇನ್ನೂ ಬಾರದಿದ್ದ ದೇಶಗಳಿಗೆ ಸಾಗಿಸತೊಡಗಿದರು. ಅದುವರೆಗೆ ಮಾರಿದ 14 ಲಕ್ಷದಲ್ಲಿ ಸುಮಾರು 2,50,000 ಯಂತ್ರಗಳನ್ನು ಜನರು ಬೀಗ ತೆಗೆಯುವ ಉದ್ದೇಶದಿಂದಲೇ ಕೊಂಡಿರಬೇಕೆಂದು ಆಪಲಿನ ಟಿಮ್ ಕುಕ್ ಅವರು ಅಕ್ಟೋಬರಿನಲ್ಲಿ ತಾವೇ ಒಪ್ಪಿಕೊಂಡರು. ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಕೊಡಲಾಗದು, ನಗದು ಹಣವನ್ನು ತೆಗೆದುಕೊಳ್ಳಲಾಗದು ಎಂಬ ನಿಯಮಗಳು ಆಮೇಲೆ ಬಂದುವು.

ಪೂರ್ಣ ಬೆಲೆ ಕೊಟ್ಟು ಕೊಂಡವರಿಂದ ಆಪಲಿಗೆ ಏನು ನಷ್ಟ ಎಂದು ವಾಚಕರು ಕೇಳಬಹುದು. ಗಿರಾಕಿಯು ತಿಂಗಳು ತಿಂಗಳೂ ಎ.ಟಿ. ಅಂಡ್ ಟಿ. ಕಂಪನಿಗೆ ತೆರುತ್ತಿದ್ದ ಹಣದಲ್ಲಿ ಒಂದು ಪಾಲು ಆಪಲಿಗೂ ಸಲ್ಲುತ್ತಿದ್ದಿತು. ಬೀಗ ಒಡೆದ ಯಂತ್ರದಿಂದ ಆ ಪಾಲು ಬರುವಂತಿರಲಿಲ್ಲ. ಹಸುವನ್ನು ಮಾರಿದರೂ ಹಾಲಿನಲ್ಲಿ ಪಾಲು ಉಂಟೆಂದು ನಂಬಿದ್ದವನಿಗೆ, ಹಸು ಊರು ಬಿಟ್ಟು ಹೋದ ಸುದ್ದಿ ಬಂದಂತಾಯಿತು.

ನಷ್ಟವು ಕಂಪನಿಗೆ ಮಾತ್ರವಲ್ಲ. ಸೆಪ್ಟೆಂಬರ್ 27ರಂದು ಆಪಲಿನವರು ಯಂತ್ರದ ಒಳತಂತ್ರಕ್ಕೆ ಹೊಸ ತಿದ್ದುಪಡಿಯನ್ನು ಕಳುಹಿದರು. ಬೀಗ ತೆಗೆದ ಯಂತ್ರಗಳು ಇದರಿಂದ ಕೆಡಬಹುದೆಂದು ಮೊದಲೇ ಎಚ್ಚರಿಸಿಯೂ ಇದ್ದರು. ತಿಳಿಯದೆ ಹಾಕಿಕೊಂಡ ಹಲವರ ಯಂತ್ರಗಳು ಇಟ್ಟಿಗೆಯಂತೆ ನಿಶ್ಚೇಷ್ಟಿತವಾದುವು. ನಮ್ಮ ದೇಶಕ್ಕೆ ಐಫೋನು ನೇರವಾದ ಹಾದಿಯಲ್ಲಿ ಬಂದುದು 2008ರ ಆಗಸ್ಟ್ 22ರಂದು, ಏರ್‌ಟೆಲ್ ಮತ್ತು ವೊಡಾಫೋನ್ ಕಂಪನಿಗಳ ಮೂಲಕ, 31,000 ರೂಪಾಯಿಗಳಿಗೆ. ಅದಕ್ಕೆ ಮುಂಚೆ ಇಲ್ಲಿ ಕೈಬದಲಾದುವು ಹೊರದೇಶದಿಂದ ಬಂದ ಬೀಗ ತೆಗೆದ ಯಂತ್ರಗಳೇ. ಅಮೆರಿಕಾದ ಲೆಕ್ಕದಲ್ಲಿ ಕಾಣೆಯಾದುವುಗಳಲ್ಲಿ ಕೆಲವು ನಮ್ಮ ಊರುಗಳಲ್ಲಿಯೇ ಮಾತನಾಡುತ್ತಿದ್ದುವು!

2008ರ ಜುಲೈಯಲ್ಲಿ ಬಂದ ಎರಡನೆಯ ಐಫೋನಿಗೆ ಆಪಲಿನವರು ತಿಂಗಳ ಪಾಲಿನ ಏರ್ಪಾಡನ್ನು ಬಿಟ್ಟರು. ಅಮೆರಿಕಾದಲ್ಲಿ ಅಂಗಡಿಯಲ್ಲಿಯೇ ಕರಾರು ಮಾಡಿಸಿ ಚಾಲೂ ಮಾಡಿಕೊಡುವ ಪದ್ಧತಿಯನ್ನು ತಂದರು. 2018ರ ನವೆಂಬರಿನಲ್ಲಾದರೋ, ಇನ್ನು ಮುಂದೆ ಎಷ್ಟು ಯಂತ್ರ ಮಾರಿದೆವೆಂಬುದನ್ನೇ ಹೇಳುವುದಿಲ್ಲವೆಂದು ಸಾರಿಬಿಟ್ಟರು. ಈಗ ಪತ್ರಿಕೆಗಳಲ್ಲಿ ಕಾಣುವ ಆ ಅಂಕೆಗಳು ಹೊರಗಿನವರ ಅಂದಾಜುಗಳು. ಅವುಗಳಲ್ಲಿ ಹಲವು ಕಾರ್ಖಾನೆಯಿಂದ ಹೊರಟ ಸರಕಿನ ಲೆಕ್ಕವೇ ಹೊರತು, ಕೊಂಡವನ ಕೈ ಸೇರಿದುದರ ಲೆಕ್ಕವಲ್ಲ.

ಆದುದರಿಂದ ಯಾವ ಕಂಪನಿಯ ಅಂಕೆಯನ್ನು ಕಂಡರೂ ಗೃಹಸ್ಥರು ಮೂರು ಪ್ರಶ್ನೆಗಳನ್ನು ಕೇಳಬೇಕು: ಅಳೆದವರು ಯಾರು? ಎಲ್ಲಿ ನಿಂತು ಅಳೆದರು? ಯಾವ ದಿನದವರೆಗೆ ಅಳೆದರು? ಇದನ್ನು ಕೇಳದೆ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಷೇರಿಗೆ ಹಾಕುವುದಾಗಲಿ, ಒಂದು ದಿನದ ಸುದ್ದಿಗೆ ಬೆದರಿ ಹಿಂದಕ್ಕೆ ತೆಗೆಯುವುದಾಗಲಿ ವಿವೇಕವಲ್ಲ.

ಕೊಳ್ಳುವವರಿಗೂ ಒಂದು ಮಾತು. ಕೈಬದಲಾದ ಫೋನನ್ನು ಕೊಳ್ಳುವಾಗ ಬೆಲೆಯ ಅಗ್ಗಕ್ಕೆ ಮರುಳಾಗಬಾರದು. ಅದರಲ್ಲಿ ನಕ್ಷತ್ರದ ಗುರುತು, ಜಡೆಗೆರೆಯ ಗುರುತು, ಸೊನ್ನೆ, ಆರು, ಮತ್ತೆ ಜಡೆಗೆರೆಯ ಗುರುತು, ಹೀಗೆ ಒತ್ತಿದರೆ 15 ಅಂಕೆಗಳ ಐ.ಎಂ.ಇ.ಐ. ಸಂಖ್ಯೆ ಕಾಣುವುದು. ಕೆ, ವೈ, ಎಂ ಎಂಬ ಇಂಗ್ಲಿಷಿನ ಮೂರಕ್ಷರಗಳನ್ನು ಬರೆದು, ಸ್ವಲ್ಪ ಸ್ಥಳ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಕಳುಹಿಸಿದರೆ ಸರಕಾರದ ಪುಸ್ತಕದಲ್ಲಿ ಆ ಯಂತ್ರದ ಸ್ಥಿತಿ ಏನೆಂಬುದು ತಿಳಿಯುವುದು. ಹಣ ಎಣಿಸಿ ಕೊಡುವುದಕ್ಕೆ ಮುಂಚೆಯೇ ಈ ಕೆಲಸವಾಗಬೇಕು. ಇಷ್ಟು ಶ್ರಮಪಟ್ಟವರ ಮನೆಗೆ, ಯಾರದೋ ಲೆಕ್ಕದಿಂದ ಕಾಣೆಯಾದ ಯಂತ್ರವು ಬಂದು ಸೇರಲಾರದು.