ಬೆಂಕಿ ತಣಿಯಿತು, ಬೆಟ್ಟ ಇಳಿಯಿತು

ಬೆಂಕಿ ಹತೋಟಿಗೆ ಬಂತು, ಇನ್ನೇನು ಭಯ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮಾಂಟೆಸಿಟೊ ಊರಿನಲ್ಲಿ 2018ರ ಜನವರಿ 8ರ ರಾತ್ರಿ ಎಷ್ಟೋ ಜನ ಹೀಗಂದುಕೊಂಡೇ ಮಲಗಿದರು. ಬೆಳಕು ಹರಿಯುವ ಮುಂಚೆ ಬೆಟ್ಟವೇ ಕೆಸರಾಗಿ ಮನೆಯೊಳಗೆ ನುಗ್ಗಿತ್ತು. ಮಕ್ಕಳು, ಮುದುಕರು ಸೇರಿ 23 ಮಂದಿ ಬಲಿಯಾದರು.

ಮಾಂಟೆಸಿಟೊ ಬಡವರ ಕೇರಿಯಲ್ಲ. ಸಿನಿಮಾದವರು, ದುಡ್ಡಿದ್ದವರು ಬಂಗಲೆ ಕಟ್ಟಿಕೊಂಡ ಊರು. ಬೆನ್ನಿಗೆ ಕಡಿದಾದ ಬೆಟ್ಟ, ಎದುರಿಗೆ ಪೆಸಿಫಿಕ್ ಸಮುದ್ರ. 2017ರ ಡಿಸೆಂಬರ್ 4ರಂದು ಪಕ್ಕದ ವೆಂಚುರಾ ಜಿಲ್ಲೆಯಲ್ಲಿ ಹೊತ್ತಿಕೊಂಡ 'ಥಾಮಸ್' ಕಾಡ್ಗಿಚ್ಚು ಸುಮಾರು 2 ಲಕ್ಷ 80 ಸಾವಿರ ಎಕರೆ ಸುಟ್ಟಿತು. ಊರಿನ ಮೇಲಿನ ಬೆಟ್ಟವೂ ಬೋಳಾಯಿತು.

ಗಿಡ ಸುಟ್ಟರೆ ಮಣ್ಣು ಹಿಡಿದಿಡುವ ಬೇರಿಗೆ ಬಲ ಇರುವುದಿಲ್ಲ. ಅಷ್ಟೇ ಅಲ್ಲ, ಅಲ್ಲಿನ ಕುರುಚಲು ಗಿಡ ಉರಿದಾಗ ಹೊರಡುವ ಮೇಣದಂಥ ವಸ್ತು ಮಣ್ಣಿಗಿಳಿದು ಒಂದು ಪದರ ಕಟ್ಟುತ್ತದೆ. ಆಮೇಲೆ ಮಳೆ ಬಿದ್ದರೆ ಎಣ್ಣೆ ಸವರಿದ ಕಾವಲಿ ಮೇಲೆ ನೀರು ಹುಯ್ದ ಹಾಗೆ. ಇಂಗುವುದಿಲ್ಲ, ಜಾರುತ್ತದೆ. ಜಾರುವಾಗ ಬೂದಿ, ಮಣ್ಣು, ಮರ, ಕೊನೆಗೆ ಕಾರಿನಷ್ಟು ದೊಡ್ಡ ಬಂಡೆಗಳನ್ನೂ ಎಳೆದು ತರುತ್ತದೆ.

ಜನವರಿ 9ರ ನಸುಕಿನಲ್ಲಿ ಐದೇ ನಿಮಿಷಕ್ಕೆ ಅರ್ಧ ಇಂಚು ಮಳೆ ಸುರಿಯಿತು. ಅಷ್ಟೇ ಸಾಕಾಯಿತು. ತೊರೆಗಳ ಸೇತುವೆಗಳಿಗೆ ಬಂಡೆ ಸಿಕ್ಕಿಕೊಂಡು ಕೆಸರು ದಿಕ್ಕು ಬದಲಿಸಿ ಬೀದಿ ಹಿಡಿಯಿತು. ನೂರಕ್ಕೂ ಹೆಚ್ಚು ಮನೆ ನೆಲಸಮ.

ಆಡಳಿತ ಮೊದಲೇ ಎಚ್ಚರಿಸಿರಲಿಲ್ಲವೇ? ಎಚ್ಚರಿಸಿತ್ತು. ನಕ್ಷೆಯ ಮೇಲೆ ಗೆರೆಯನ್ನೂ ಎಳೆದಿತ್ತು. ಊರನ್ನು ಅಡ್ಡ ಹಾಯುವ 192ನೇ ನಂಬರಿನ ರಸ್ತೆಯೇ ಆ ಗೆರೆ. ಮೇಲಿನವರು ಕಡ್ಡಾಯವಾಗಿ ಹೊರಡಬೇಕು, ಕೆಳಗಿನವರು ಬೇಕಾದರೆ ಹೊರಡಬಹುದು! ಸತ್ತವರಲ್ಲಿ ಹಲವರು ಗೆರೆಯ ಕೆಳಗಿನವರು. ಮೇಲಿನವರೂ ಹೆಚ್ಚಾಗಿ ಕದಲಿರಲಿಲ್ಲ. ಡಿಸೆಂಬರಿನಲ್ಲಿ ಬೆಂಕಿಗೆ ಹೆದರಿ ಗಂಟುಮೂಟೆ ಕಟ್ಟಿದ್ದವರು ಆಗಷ್ಟೇ ವಾಪಸಾಗಿದ್ದರು. 'ಮತ್ತೆ ಹೊರಡಿ' ಅಂದರೆ ಯಾರಿಗೆ ಬೇಕು? ಮೊಬೈಲಿಗೆ ತುರ್ತು ಸಂದೇಶ ಬಂದಾಗ ಬೆಳಗಿನ ಜಾವ ಮೂರೂಮುಕ್ಕಾಲು ದಾಟಿತ್ತು. ಕೆಸರು ಆಗಲೇ ಬಂದಿತ್ತು.

ಪೆಟ್ಟು ಬಿದ್ದಿದ್ದು ಬಂಗಲೆಗಳಿಗೆ ಮಾತ್ರ ಅಲ್ಲ. ಕರಾವಳಿಯ 101ನೇ ನಂಬರಿನ ಹೆದ್ದಾರಿ ಕೆಸರಲ್ಲಿ ಹೂತು ಜನವರಿ 21ರವರೆಗೆ ಬಂದ್. ಕೆಲಸಕ್ಕೆ ಹೋಗುವವರು ದೋಣಿ ಹತ್ತಿದರು, ಕಿಕ್ಕಿರಿದ ರೈಲಲ್ಲಿ ನಿಂತರು. ಅಂಗಡಿಗಳು ಗಿರಾಕಿಯಿಲ್ಲದೆ ಬಾಗಿಲು ಹಾಕಿದವು.

ಪಾಠ ಕಲಿತರೇ? ಸ್ವಲ್ಪ ಕಲಿತರು. ಸರಿಯಾಗಿ ಐದು ವರ್ಷಕ್ಕೆ, 2023ರ ಜನವರಿ 9ರಂದು ಮತ್ತೆ ಜೋರು ಮಳೆ ಬಂತು. ಈ ಸಲ ಗೆರೆ ಎಳೆಯಲಿಲ್ಲ, ಇಡೀ ಮಾಂಟೆಸಿಟೊ ಖಾಲಿ ಮಾಡಿ ಅಂತ ಆಜ್ಞೆಯಾಯಿತು. ಆ ವೇಳೆಗೆ ಮನೆಗಳು ಕೊಚ್ಚಿಹೋದ ಜಾಗವನ್ನೇ ಕೊಂಡು, ಕಲ್ಲು ಕೆಸರು ತಡೆಯುವ ದೊಡ್ಡ ಹೊಂಡ ತೋಡಿದ್ದರು. ಬೆಟ್ಟದ ಮೇಲೂ ಗಿಡ ಚಿಗುರಿತ್ತು. ಊರು ಉಳಿಯಿತು.

ಆದರೂ ಕಥೆ ಮುಗಿದಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಪಾಲಿಸೇಡ್ಸ್ ಗುಡ್ಡ ಸುಟ್ಟಿತು. ಫೆಬ್ರವರಿಯ ಮಳೆಗೆ ಕೆಸರು ಇಳಿದು ಅಗ್ನಿಶಾಮಕ ಸಿಬ್ಬಂದಿಯೊಬ್ಬರ ವಾಹನವನ್ನು ಸಮುದ್ರಕ್ಕೇ ತಳ್ಳಿತು. ಪುಣ್ಯಕ್ಕೆ ಆತ ಹೊರಬಂದ.

ಬೆಂಕಿ ಮಾಡಿದ ಸಾಲವನ್ನು ಮಳೆ ವಸೂಲಿ ಮಾಡುತ್ತದೆ. 'ಕಡ್ಡಾಯ', 'ಬೇಕಾದರೆ' ಅನ್ನೋದೆಲ್ಲ ಕಚೇರಿಯ ಕಾಗದದ ಮಾತು. ಕೆಸರಿಗೆ ಓದು ಬರೋದಿಲ್ಲ.