ರೆಪೊ ದರ ಮತ್ತು ಚಿಕ್ಕಮ್ಮನ ಕಂತು

‘ಸಂಘದ ಹೆಂಗಸರಿಗೆ ಲೆಕ್ಕ ಗೊತ್ತಿಲ್ಲ, ಅದಕ್ಕೇ ಸಾಲದಲ್ಲಿ ಮುಳುಗುತ್ತಾರೆ.’ ಸೆಮಿನಾರೊಂದರಲ್ಲಿ ಹಿರಿಯರೊಬ್ಬರು ಹೀಗೆಂದಾಗ ನನಗೆ ಉಬ್ರಾಣಿಯ ಚಿಕ್ಕಮ್ಮ ನೆನಪಾದಳು. ದಿನಕ್ಕೆ ಎಷ್ಟು ಕೆ.ಜಿ. ಅಡಿಕೆ ಸುಲಿದೆ, ಎಷ್ಟು ಕೂಲಿ ಬರಬೇಕು ಎಂಬುದನ್ನು ಆಕೆ ಕುಳಿತಲ್ಲೇ ಬಾಯಿಲೆಕ್ಕದಲ್ಲಿ ಹೇಳುತ್ತಾಳೆ. ಲೆಕ್ಕ ತಪ್ಪಿದ್ದು ಬೇರೆ ಕಡೆ.

2020ರ ಮೇನಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 4ಕ್ಕೆ ಇಳಿಸಿ, ಸುಮಾರು ಎರಡು ವರ್ಷ ಅಲ್ಲೇ ಬಿಟ್ಟಿತು. ಕೋವಿಡ್ ಕಾಲ, ಇಳಿಸಬೇಕಿತ್ತು; ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಹಣ ಅಗ್ಗವಾದಾಗ ಭದ್ರವಾದ ಸಾಲದಲ್ಲಿ ಬ್ಯಾಂಕಿಗೆ ಸಿಗುವ ಲಾಭ ತೆಳುವಾಗುತ್ತದೆ. ಆಗ ಅದು ಹೆಚ್ಚು ಬಡ್ಡಿ ಕೊಡುವವರನ್ನು ಹುಡುಕಿ ಹೊರಡುತ್ತದೆ. ಹಾಗೆ ಕೊಡುವವರು ಯಾರು? ಬೇರೆಲ್ಲೂ ಸಾಲ ಹುಟ್ಟದವರು. 2005ರಲ್ಲೇ ರಘುರಾಮ್ ರಾಜನ್ ಅಮೆರಿಕದ ಜಾಕ್ಸನ್ ಹೋಲ್ ಸಭೆಯಲ್ಲಿ ಈ ಚಟದ ಬಗ್ಗೆ ಎಚ್ಚರಿಸಿದ್ದರು. ಅಲ್ಲಿದ್ದ ಘಟಾನುಘಟಿಗಳು ಒಪ್ಪಲಿಲ್ಲ. ಮೂರೇ ವರ್ಷಕ್ಕೆ 2008 ಬಂತು.

ಉಬ್ರಾಣಿಯಂಥ ಊರಿನ ಸಂಘದ ಮನೆಗೆ ದೊಡ್ಡ ಬ್ಯಾಂಕ್ ತಾನಾಗಿ ಬರುವುದು ಕಡಿಮೆ. ಅದು ಮೈಕ್ರೋಫೈನಾನ್ಸ್ ಕಂಪನಿಗೆ ಸಾಲ ಕೊಡುತ್ತದೆ, ಕಂಪನಿ ಬೈಕಿನಲ್ಲಿ ಹುಡುಗನನ್ನು ಕಳಿಸುತ್ತದೆ. 2022ರ ಏಪ್ರಿಲ್‌ನಿಂದ ಈ ಕಂಪನಿಗಳ ಬಡ್ಡಿಗಿದ್ದ ಮಿತಿಯನ್ನೂ ತೆಗೆದರು. ಮನೆಯ ಮಾಸಿಕ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದೆಂಬ ನಿಯಮವೇನೋ ಇದೆ. ಆದರೆ ಮಾಸಿಕ ಆದಾಯ ಎಂದರೇನು? ಸುಲಿಯುವ ಕೆಲಸ ಇರುವುದು ವರ್ಷದಲ್ಲಿ ಕೆಲವು ತಿಂಗಳು. ಕಂತು ಮಾತ್ರ ಯಾವ ತಿಂಗಳನ್ನೂ ಬಿಡುವುದಿಲ್ಲ.

2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಗ್ರಾಹಕ ಸಾಲಗಳ ರಿಸ್ಕ್ ವೇಟ್ ಅನ್ನು 100ರಿಂದ 125ಕ್ಕೆ ಏರಿಸಿತು. ಅಷ್ಟರಲ್ಲಿ ಸಾಲ ಹಂಚಿಯಾಗಿತ್ತು. 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು, ಹತ್ತು ವರ್ಷದವರೆಗೆ ಜೈಲು. ಬೇಕಿತ್ತು. ಆದರೆ ಅದು ಹಿಡಿಯುವುದು ಬಾಗಿಲಲ್ಲಿ ಕೂಗಾಡುವ ಹುಡುಗನನ್ನು, ಕೊಡಬಾರದಷ್ಟು ಕೊಟ್ಟವರನ್ನಲ್ಲ. ಅದೇ ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ ಶೇ. 6.5ರಿಂದ 5.5ಕ್ಕೆ ಇಳಿಯಿತು. ಬೆಂಗಳೂರಿನ ಗೆಳೆಯನ ಗೃಹಸಾಲದ ಬಡ್ಡಿ ಇಳಿಯಿತು, ಚಿಕ್ಕಮ್ಮನದು ಇಳಿಯಲಿಲ್ಲ. ಅವಳದು ಮೊದಲೇ ನಿಗದಿಯಾದ ಬಡ್ಡಿ.

ಸಾಲವೇ ಸಿಗದಿದ್ದರೆ ಮೀಟರ್ ಬಡ್ಡಿಯವರ ಹತ್ತಿರ ಹೋಗುತ್ತಿದ್ದರಲ್ಲ ಎನ್ನುತ್ತಾರೆ. ಮೊದಲ ಸಾಲದ ಮಟ್ಟಿಗೆ ಆ ಮಾತು ನಿಜ. ಮೂರನೆಯದರ ಬಗ್ಗೆ ಚಿಕ್ಕಮ್ಮನನ್ನೇ ಕೇಳಿದೆ.

“ಅದನ್ನ ನಾನೆಲ್ಲಿ ಕೇಳಿದ್ದೆ? ಅವರೇ ಮನೀಗೆ ಬಂದು, ತಗಳಕ್ಕ, ಆಧಾರ್ ಕಾರ್ಡ್ ಕೊಡು ಸಾಕು ಅಂದ್ರು ಕಣೋ.”