ಚಳಿ ಒಂದೇ, ಹೊದಿಕೆ ಬೇರೆ

ಮಾಗಿ ಬಂತೆಂದರೆ ಚಳಿಯ ಲೆಕ್ಕಾಚಾರ ಶುರುವಾಗುತ್ತದೆ. ಬೀದರಿನಲ್ಲಿ ಎಷ್ಟು ಡಿಗ್ರಿ, ಮೈಸೂರಿನಲ್ಲಿ ಎಷ್ಟು, ಹಿಂದೆಂದಾದರೂ ಇಷ್ಟು ಇಳಿದಿತ್ತೆ? ಹೋಟೆಲಿನ ಬೆಂಚಿನ ಮೇಲೆ ಬಿಸಿ ಬಿಸಿ ಕಾಫಿಯೊಡನೆ ಈ ಮಾತು ಚೆನ್ನಾಗಿಯೇ ಸಾಗುತ್ತದೆ. ಆದರೆ ಯಾವ ಊರಿನ ಚಳಿ ದೊಡ್ಡದು ಎಂದು ಕೇಳುವವರು, ಆ ಚಳಿಯನ್ನು ಯಾರು ಯಾವ ಹೊದಿಕೆಯಡಿ ಕಳೆದರು ಎಂದು ಕೇಳುವುದಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಅದೇ.

ಮೊದಲು ಅಂಕಿಗಳನ್ನೇ ನೋಡೋಣ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣತೆ 7.8 ಡಿಗ್ರಿಗೆ ಇಳಿದಿತ್ತು. ನಮ್ಮ ಪಕ್ಕದ ಮೈಸೂರಿನಲ್ಲಿ 2012ರ ಜನವರಿ 16ರಂದು 7.7 ಡಿಗ್ರಿ ದಾಖಲಾಯಿತು. ದೆಹಲಿಯಲ್ಲಿ 1935ರ ಜನವರಿ 16ರಂದು ಸೊನ್ನೆಗೂ ಕೆಳಗೆ, ಮೈನಸ್ 0.6ಕ್ಕೆ ಹೋಗಿತ್ತು. ಇವುಗಳ ಮುಂದೆ ನಮ್ಮ ಪಾಲಹಳ್ಳಿಯಲ್ಲಿ ಮಾಗಿಯ ಮುಂಜಾವಿನ ಹನ್ನೆರಡು ಹದಿಮೂರು ಡಿಗ್ರಿ ಯಾವ ಲೆಕ್ಕ ಎನ್ನಬಹುದು. ಸರ್ಕಾರದ ಲೆಕ್ಕವೂ ಹಾಗೆಯೇ ಇದೆ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿಗೆ ಅಥವಾ ಅದಕ್ಕೂ ಕೆಳಗೆ ಇಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಶೀತ ಅಲೆ ಎನ್ನುತ್ತದೆ. ಶೀತ ಅಲೆ ಇಂದು ಪ್ರಕೃತಿ ವಿಕೋಪಗಳ ಪಟ್ಟಿಯಲ್ಲಿದೆ, ಅದಕ್ಕೆ ಪರಿಹಾರ ನಿಧಿಯೂ ಉಂಟು. ಹನ್ನೆರಡು ಡಿಗ್ರಿಯಲ್ಲಿ ನಡುಗಿದವನಿಗೆ ಆ ನಿಧಿಯ ಬಾಗಿಲು ತೆರೆಯುವುದಿಲ್ಲ.

ಆದರೆ ಮೈಗೆ ಇಲಾಖೆಯ ಸುತ್ತೋಲೆ ತಿಳಿಯದು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2015ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 13 ದೇಶಗಳ ಸುಮಾರು 7 ಕೋಟಿ 40 ಲಕ್ಷ ಸಾವುಗಳನ್ನು ಪರಿಶೀಲಿಸಿದ ಆ ತಜ್ಞರು ಕಂಡದ್ದೇನು? ಹವೆಯ ಏರುಪೇರಿನಿಂದಾದ ಸಾವುಗಳಲ್ಲಿ ಸೆಖೆಗಿಂತ ಚಳಿಯದೇ ದೊಡ್ಡ ಪಾಲು. ಅದರಲ್ಲೂ ಹೆಚ್ಚಿನವು ಸುದ್ದಿಯಾಗುವ ಕಡುಚಳಿಯವಲ್ಲ, ಸಾಧಾರಣ ಚಳಿಯವು. ಚಳಿಗೆ ರಕ್ತನಾಳ ಬಿಗಿಯುತ್ತದೆ, ರಕ್ತದೊತ್ತಡ ಏರುತ್ತದೆ, ಎದೆಗೆ ಭಾರ ಬೀಳುತ್ತದೆ, ಉಬ್ಬಸದವನ ಉಸಿರು ಕಟ್ಟುತ್ತದೆ. ಮುದುಕರು, ಎಳೆಗೂಸುಗಳು, ಹೊಟ್ಟೆಗೆ ಸಾಲದವರು ಮೊದಲು ಬೀಳುತ್ತಾರೆ. ಮರಣಪತ್ರದಲ್ಲಿ ಚಳಿಯ ಹೆಸರು ಇರುವುದಿಲ್ಲ, ಅಷ್ಟೆ.

ಇನ್ನು ನಮ್ಮ ಸೀಮೆಯ ಚಳಿಯ ಗುಣವೇ ಬೇರೆ. ಮೋಡವಿಲ್ಲದ ರಾತ್ರಿ ನೆಲದ ಕಾವು ಮೇಲಕ್ಕೆ ಹಾರಿಹೋಗುತ್ತದೆ. ಹೊತ್ತು ಹುಟ್ಟುವ ಮುಂಚಿನ ಗಳಿಗೆಯೇ ಎಲ್ಲಕ್ಕಿಂತ ತಣ್ಣಗೆ. ನಾಲೆ, ಗದ್ದೆಗಳ ಬಯಲಿನಲ್ಲಿ ಇದರ ಜೊತೆಗೆ ಮಂಜು. ಸರಿಯಾಗಿ ಆ ಹೊತ್ತಿಗೇ ಕಬ್ಬು ಕಡಿಯುವವನು ಮಚ್ಚು ಹಿಡಿದು ಗದ್ದೆಗೆ ಇಳಿಯುತ್ತಾನೆ. ಗರಿಯ ಮೇಲಿನ ಇಬ್ಬನಿಯೆಲ್ಲ ಅವನ ಅಂಗಿಯ ಮೇಲೆ. ಒದ್ದೆ ಬಟ್ಟೆ ಒಣ ಬಟ್ಟೆಗಿಂತ ಎಷ್ಟೋ ಪಟ್ಟು ಬೇಗ ಮೈಯ ಕಾವನ್ನು ಹೀರುತ್ತದೆ. ಉಣ್ಣೆಯ ಕೋಟು ತೊಟ್ಟು ಗಾಳಿ ಸೇವನೆಗೆ ಹೊರಟವನ ಹನ್ನೆರಡು ಡಿಗ್ರಿಯೂ ಇವನ ಹನ್ನೆರಡು ಡಿಗ್ರಿಯೂ ಒಂದೇ ಎನ್ನುವವರು ಒಂದು ಬೆಳಗ್ಗೆ ಗದ್ದೆಗಿಳಿದು ನೋಡಲಿ.

ಒಂದು ವಿಚಿತ್ರವನ್ನು ಗಮನಿಸಿ. ರಾತ್ರಿಗಳು ತಣ್ಣಗಾದಷ್ಟೂ ಕಬ್ಬಿನ ಬೆಳವಣಿಗೆ ನಿಧಾನವಾಗಿ ಜಲ್ಲೆಯಲ್ಲಿ ಸಕ್ಕರೆ ಕೂಡುತ್ತದೆ. ಪಾಲಹಳ್ಳಿಗೆ ಸಕ್ಕರೆ ಹೊಸದಲ್ಲ. 1847ರಲ್ಲೇ ಇಲ್ಲಿ ರೈತರ ಬೆಲ್ಲವನ್ನು ಸಕ್ಕರೆ ಮಾಡುವ ಅಷ್ಟಗ್ರಾಮ ಕಾರ್ಖಾನೆ ಸ್ಥಾಪನೆಯಾಗಿತ್ತು. ಅಂದಿನಿಂದ ಇಂದಿನವರೆಗೆ ಮಾಗಿಯ ಚಳಿ ಕಬ್ಬಿಗೆ ಸಿಹಿ ತಂದಿದೆ. ಆ ಸಿಹಿಯ ಲಾಭ ಬೇರೆಯವರ ಲೆಕ್ಕದ ಪುಸ್ತಕಕ್ಕೆ ಹೋಯಿತು. ನಡುಕ ಮಾತ್ರ ಕಡಿಯುವವನ ಪಾಲಿಗೆ ಉಳಿಯಿತು. ದೂರದೂರಿಂದ ಮೇಸ್ತ್ರಿಯ ಹಿಂದೆ ಬಂದ ಕೂಲಿಗಳು ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿನಲ್ಲಿ ಮಕ್ಕಳೊಡನೆ ಮಲಗುತ್ತಾರೆ. ಆಲೆಮನೆಯ ಒಲೆಯ ಮುಂದೆ ಬೆಂದವನು ಬೆವರಿದ ಮೈಯಲ್ಲೇ ಹೊರಗಿನ ಚಳಿಗೆ ಬರುತ್ತಾನೆ. ಕಬ್ಬಿನ ಗಾಡಿಯವನು ತೂಕದ ಸರದಿಗೆ ಕಾಯುತ್ತಾ ಗೋಣಿಚೀಲ ಹೊದ್ದು ರಾತ್ರಿ ಕಳೆಯುತ್ತಾನೆ. ನಸುಕಿಗೆ ಹೂವು, ಸೊಪ್ಪು ತರುವ ವ್ಯಾಪಾರಿಯ ಪಾಡೂ ಇದೇ.

ಚಳಿ ದೈವಲೀಲೆ, ಯಾರೇನು ಮಾಡಲಾದೀತು ಎನ್ನುವವರಿಗೆ ಅಮೆರಿಕೆಯ ಟೆಕ್ಸಾಸ್ ಉತ್ತರ. ಅಲ್ಲಿ 2021ರ ಫೆಬ್ರವರಿಯಲ್ಲಿ ಘೋರ ಶೀತ ಬಂತು. ಡಲ್ಲಾಸ್ ನಗರದಲ್ಲಿ ಉಷ್ಣತೆ ಮೈನಸ್ 19ರ ಆಸುಪಾಸಿಗೆ ಇಳಿಯಿತು. ಅದಕ್ಕಿಂತ ಹೆಚ್ಚಿನ ಚಳಿಯಲ್ಲಿ ಉತ್ತರದ ರಾಜ್ಯಗಳು ಪ್ರತಿ ವರ್ಷ ಬದುಕುತ್ತವೆ. ಆದರೆ ಟೆಕ್ಸಾಸಿನಲ್ಲಿ ವಿದ್ಯುತ್ತನ್ನು ಮಾರುಕಟ್ಟೆಯ ಕೈಗೆ ಕೊಟ್ಟಿದ್ದರು. 2011ರ ಚಳಿಯ ನಂತರವೇ ಎಚ್ಚರಿಕೆ ಸಿಕ್ಕಿದ್ದರೂ ಯಂತ್ರಗಳಿಗೆ ಚಳಿಯಿಂದ ರಕ್ಷಣೆ ಒದಗಿಸುವ ಖರ್ಚನ್ನು ಉಳಿಸಿದರು. ಸುಮಾರು 45 ಲಕ್ಷ ಮನೆಗಳಲ್ಲಿ ದೀಪ ಆರಿತು. ವಿದ್ಯುತ್ತಿನ ಸಗಟು ಬೆಲೆ ಮೆಗಾವ್ಯಾಟ್ ಗಂಟೆಗೆ 9,000 ಡಾಲರ್ ಮುಟ್ಟಿತು. ಸರ್ಕಾರದ ಲೆಕ್ಕದಂತೆಯೇ ಸತ್ತವರು 246. ಅವರನ್ನು ಕೊಂದದ್ದು ಹಿಮ ಮಾತ್ರವೆ?

ನಮ್ಮ ದೇಶದ ಪಾಠವೂ ಇದೆ. 2010ರಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೆ ಒಂದರಂತೆ ರಾತ್ರಿ ತಂಗುದಾಣ ಬೇಕೆಂದು ಆದೇಶಿಸಿತು. ಅಂದರೆ ಚಳಿಯಿಂದ ರಕ್ಷಣೆ ಧರ್ಮವಂತರ ಭಿಕ್ಷೆಯಲ್ಲ, ಬದುಕುವ ಹಕ್ಕಿನ ಭಾಗ. ಆದರೆ ಆ ಹಕ್ಕು ನಗರದ ಗಡಿ ದಾಟಿ ಕಬ್ಬಿನ ಗದ್ದೆಗೆ ಬರಲಿಲ್ಲ. ಇಲ್ಲಿಗೆ ಬರುವುದು ಕಂಬಳಿ ಹಂಚುವ ಸಮಾರಂಭ: ಐವತ್ತು ಕಂಬಳಿ, ಹತ್ತು ಹಾರ, ಒಂದು ಫೋಟೋ.

ನಮಗೆ ಬೇಕಾದದ್ದು ಹೆಚ್ಚೇನಲ್ಲ. ಮಾಗಿಯ ಎರಡು ತಿಂಗಳು ಕಬ್ಬು ಕಡಿಯುವ ಕೆಲಸ ಬಿಸಿಲು ಬಿದ್ದು ಇಬ್ಬನಿ ಆರಿದ ಮೇಲೆ ಆರಂಭವಾಗಲಿ, ಕೂಲಿ ಕಡಿತವಾಗದಿರಲಿ. ಕೂಲಿಗಳನ್ನು ಕರೆತಂದವರು ಗೋಡೆ, ಸೂರು ಇರುವ ವಸತಿಯನ್ನೂ ತಲೆಗೊಂದು ಕಂಬಳಿಯನ್ನೂ ಕರಾರಿನಲ್ಲೇ ಬರೆದು ಕೊಡಲಿ. ಕಾರ್ಖಾನೆಯ ಅಂಗಳದಲ್ಲಿ ಗಾಡಿಯವರಿಗೂ ರಾತ್ರಿ ಪಾಳಿಯವರಿಗೂ ತಂಗುದಾಣ, ಬಿಸಿನೀರು ಇರಲಿ. ಸಂತೆಯ ಜಾಗಕ್ಕೆ ಪುರಸಭೆ, ಪಂಚಾಯಿತಿಗಳು ಗಾಳಿ ತಡೆಯುವ ಮರೆ ಕಟ್ಟಿಸಲಿ. ಶೀತ ಅಲೆಯ ಅಳತೆಗೋಲು ಉಷ್ಣಮಾಪಕ ಒಂದನ್ನೇ ನೋಡದೆ, ಬಯಲಲ್ಲಿ ದುಡಿಯುವವರ ಸ್ಥಿತಿಯನ್ನೂ ನೋಡಲಿ.

ಅದುವರೆಗೆ ನಮ್ಮ ಜನ ನೆನಪಿಡಬೇಕಾದ ಎರಡು ಮಾತುಂಟು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಬೇಡಿ. ಅದರ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಹೆಂಡ ಕುಡಿದರೆ ಬೆಚ್ಚಗಾಗುತ್ತದೆಂಬುದು ಸುಳ್ಳು. ಅದು ಒಳಗಿನ ಕಾವನ್ನು ಚರ್ಮಕ್ಕೆ ತಂದು ಹೊರಗೆ ಚೆಲ್ಲುತ್ತದೆ. ಬಿಸಿ ಮುದ್ದೆ, ಹುರುಳಿ ಸಾರು, ಒಣಗಿದ ಬಟ್ಟೆ — ಇವೇ ಒಳ್ಳೆಯ ಮದ್ದು. ಆದರೆ ಇವಕ್ಕೂ ಕೂಲಿ ಸಾಲಬೇಕಲ್ಲವೆ?

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೋಗುತ್ತದೆಂದು ಹಿರಿಯರು ಹೇಳುತ್ತಾರೆ. ಚಳಿ ಹೋದೊಡನೆ ನಮ್ಮ ಬೇಡಿಕೆಯೂ ಹೋಗುವುದೇ ಪ್ರತಿ ವರ್ಷದ ಕಥೆ. ಈ ಸಲ ಬೇಸಿಗೆಯಲ್ಲೂ ಕೇಳೋಣ, ಮಳೆಗಾಲದಲ್ಲೂ ಕೇಳೋಣ. ಮುಂದಿನ ಮಾಗಿಗೆ ಮೊದಲೇ ಕರಾರಿನಲ್ಲಿ ಕಂಬಳಿ ಬರಬೇಕು.